ಟಂಕಸಾಲೆಯ ತಪ್ಪೋ, ಆಮೇಲಿನ ಪೆಟ್ಟೋ?

ಅಂಚು ಜಜ್ಜಿದ ಹತ್ತು ರೂಪಾಯಿ ನಾಣ್ಯ ತೋರಿಸಿ, ‘ಇದು ಟಂಕಸಾಲೆಯ ಅಪರೂಪದ ತಪ್ಪು, ಲಕ್ಷ ಬಾಳುತ್ತದೆ’ ಎಂದು ಆಸೆ ಹುಟ್ಟಿಸುವ ವಿಡಿಯೋಗಳನ್ನು ಕಂಡರೆ ಸಿಟ್ಟು ಬರುತ್ತದೆ. ಏಕೆಂದರೆ ನಿಜ ಏನೆಂದು ಆ ಲೋಹವೇ ಹೇಳುತ್ತದೆ. ನಾಣ್ಯ ಮೂಡುವುದು ಎರಡು ಅಚ್ಚುಗಳ ನಡುವೆ, ಸುತ್ತಲೂ ಉಕ್ಕಿನ ಬಳೆಯ ಬಿಗಿಯಲ್ಲಿ. ಭಾರೀ ಒತ್ತಡಕ್ಕೆ ಲೋಹ ಅಚ್ಚಿನ ಗುಳಿಗಳೊಳಗೆ ಹರಿದು ಅಕ್ಷರವಾಗುತ್ತದೆ. ಆಮೇಲೆ ಬಿದ್ದ ಗೀರು ಹಾಗಲ್ಲ. ಭೂತಗನ್ನಡಿ ಹಿಡಿದು ಓರೆ ಬೆಳಕಿನಲ್ಲಿ ನೋಡಿ: ಗೀರಿನ ಪಕ್ಕದಲ್ಲಿ, ಜರುಗಿದ ಲೋಹ ಸಣ್ಣ ದಿಬ್ಬದಂತೆ ಎದ್ದಿರುತ್ತದೆ, ಪೆಟ್ಟು ತಿಂದ ಅಕ್ಷರ ಚಪ್ಪಟೆಯಾಗಿ ಪಕ್ಕಕ್ಕೆ ಹರಡಿರುತ್ತದೆ. ತಕ್ಕಡಿಯೂ ಸಾಕ್ಷಿ ಹೇಳುತ್ತದೆ. ಸುಮಾರು 7.7 ಗ್ರಾಂ ತೂಗಬೇಕಾದ ಹತ್ತು ರೂಪಾಯಿ ನಾಣ್ಯ ತೀರಾ ಹಗುರಾಗಿ, ಮೈಯೆಲ್ಲ ಒರಟಾಗಿದ್ದರೆ ಯಾರೋ ಉಜ್ಜಿರಬೇಕು, ಇಲ್ಲವೇ ಆಮ್ಲದಲ್ಲಿ ಅದ್ದಿರಬೇಕು.

ಹಾಗಾದರೆ ಟಂಕಸಾಲೆ ತಪ್ಪುವುದೇ ಇಲ್ಲವೇ? ಖಂಡಿತ ತಪ್ಪುತ್ತದೆ. ಅಚ್ಚಿನ ಗುಳಿಗೆ ಗ್ರೀಸ್ ತುಂಬಿಕೊಂಡರೆ ಅಕ್ಷರ ಮಸುಕಾಗುತ್ತದೆ, ಕಾಣೆಯೂ ಆಗಬಹುದು. ಆದರೆ ಆ ಜಾಗದಲ್ಲಿ ಕೆರೆದ ಗುರುತಿರುವುದಿಲ್ಲ. ಒಂದು ರೂಪಾಯಿಯಂಥ ಒಂದೇ ಲೋಹದ ನಾಣ್ಯದಲ್ಲಿ ಅಚ್ಚೊತ್ತುವ ಮೊದಲೇ ಲೋಹದ ಬಿಲ್ಲೆಯನ್ನು ಅರೆಕೊರೆಯಾಗಿ ಕತ್ತರಿಸಿದ್ದರೆ, ಆ ಕೊರೆಯ ನೇರ ಎದುರಿನ ಅಂಚೂ ಸಾಮಾನ್ಯವಾಗಿ ಸರಿಯಾಗಿ ಮೂಡಿರುವುದಿಲ್ಲ. ಆಮೇಲೆ ಗರಗಸ ಹಾಕಿದ್ದರಲ್ಲಿ ಆ ಎದುರಿನ ಅಂಚು ಗಟ್ಟಿಮುಟ್ಟಾಗಿಯೇ ಇರುತ್ತದೆ.