ಮೊಂಡು ಚೂರಿಗೆ ಯಾವ ಸಾಣೆ?

ಹರಿತ ಚೂರಿಗಿಂತ ಮೊಂಡು ಚೂರಿಯೇ ಅಪಾಯ. ಬಲ ಹಾಕಿ ಒತ್ತುತ್ತೇವೆ, ಅದು ಟೊಮೇಟೊ ಮೇಲೆ ಜಾರಿ ಬೆರಳಿಗೆ ಬರುತ್ತದೆ.

ಮುಂಬಯಿಯ ಗಲ್ಲಿಗಳಲ್ಲಿ ಈಗಲೂ ಅಪರೂಪಕ್ಕೆ ಸಾಣೆಯವನು ಬರುತ್ತಾನೆ. ಅವನ ಚಕ್ರ ಬೇಗ ಕೆಲಸ ಮುಗಿಸುತ್ತದೆ, ಲೋಹವನ್ನೂ ಬೇಗ ತಿನ್ನುತ್ತದೆ. ನಾವು ಕಾಮರ್ಸಿನವರು ಇದಕ್ಕೆ 'ಸವಕಳಿ' ಅನ್ನುತ್ತೇವೆ. ಅಲಗು ಕಾದು ನೀಲಿಯಾದರಂತೂ ಉಕ್ಕಿನ ಹದವೇ ಹೋಯಿತು. ಆದ್ದರಿಂದ ಅಂಚು ಮುಕ್ಕಾದ ಚೂರಿ, ಮೆಟ್ಟುಕತ್ತಿಗಳನ್ನಷ್ಟೇ ನಾನು ಚಕ್ರಕ್ಕೆ ಕೊಡುತ್ತೇನೆ.

ದಿನಬಳಕೆಗೆ ಕಾರ್ಬೊರಂಡಮ್ ಕಲ್ಲು ಸಾಕು. ಮರಳು, ಕೋಕ್ ಬೆರೆಸಿ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿ ಮಾಡುವ ಈ ವಸ್ತುವಿಗೆ ಅಮೆರಿಕದ ಅಚೆಸನ್ 1893ರಲ್ಲಿ ಪೇಟೆಂಟ್ ಪಡೆದ. ಕಲ್ಲಿಗೆ ನೀರು ಹಾಕಿ. ಮೊದಲು ಒರಟು ಮುಖ, ಆಮೇಲೆ ನಯ ಮುಖ. ಚೂರಿಯನ್ನು ಎಷ್ಟು ಓರೆ ಹಿಡಿಯಬೇಕು? ಕಾಗದದ ಮೂಲೆ 90 ಡಿಗ್ರಿ. ಮಡಚಿದರೆ 45, ಮತ್ತೆ ಮಡಚಿದರೆ 22.5. ಅಷ್ಟೇ ಓರೆ. ಒಂದು ಬದಿ ಉಜ್ಜಿದಂತೆ ಇನ್ನೊಂದು ಬದಿಯ ಅಂಚು ತರಿತರಿಯಾಗುತ್ತದೆ. ಆಗ ಬದಿ ಬದಲಿಸಿ.

ಕಲ್ಲಿಲ್ಲವೇ? ಪಿಂಗಾಣಿ ಕಪ್ಪನ್ನು ಬೋರಲು ಹಾಕಿ. ಅಡಿಯಲ್ಲಿ ಹೊಳಪಿಲ್ಲದ ಬಳೆಯಂಥ ಅಂಚು ಇರುತ್ತದಲ್ಲ, ಅದರ ಮೇಲೆ ಉಜ್ಜಿದರೂ ತಕ್ಕಮಟ್ಟಿಗೆ ಹರಿತ ಬರುತ್ತದೆ.

ಕಬ್ಬಿಣದ ಕತ್ತಿಯಾದರೆ ಒರೆಸಿ, ಕೊಬ್ಬರಿ ಎಣ್ಣೆ ಸವರಿಡಿ. ಇಲ್ಲಿನ ಕಡಲಗಾಳಿಗೆ ತುಕ್ಕು ಹಿಡಿಯಲು ತಡವಿಲ್ಲ.