ಬರೀ ಮಿಟುಕುವ ಕರ್ಸರ್

ನಮ್ಮ ಟೀಮಿಗೆ ಹೊಸಬರು ಬಂದರೆ ಅವರ ಲ್ಯಾಪ್‌ಟಾಪ್ ರೆಡಿ ಮಾಡೋಕೇ ಒಂದು ದಿನ ಹೋಗ್ತಿತ್ತು. ಬೇಕಾದ ಪೈಥಾನ್ ಪ್ಯಾಕೇಜುಗಳನ್ನೆಲ್ಲ ತಾನೇ ಇನ್‌ಸ್ಟಾಲ್ ಮಾಡುವ ಸ್ಕ್ರಿಪ್ಟ್ ಬರೆದೆ. ಪರದೆ ತುಂಬ ಸಾಲುಗಳು ಓಡೋದು ಗಲೀಜು ಅನ್ನಿಸಿ, ಪಿಪ್‌ಗೆ ‘ಕ್ವಯಟ್’ ಆಯ್ಕೆ ಕೊಟ್ಟು ಬಾಯಿ ಮುಚ್ಚಿಸಿದೆ.

ಅದನ್ನು ಮೊದಲು ಓಡಿಸಿದ್ದು ಆವತ್ತೇ ಕೆಲಸಕ್ಕೆ ಸೇರಿದ್ದ ಹುಡುಗಿ. ಹತ್ತು ನಿಮಿಷ ಕರ್ಸರ್ ಮಿಟುಕಿತು, ಅಷ್ಟೇ. ಹ್ಯಾಂಗ್ ಆಯ್ತೇನೋ ಅಂತ ಕಂಟ್ರೋಲ್-ಸಿ ಒತ್ತಿದಳು. ಮತ್ತೆ ಶುರು ಮಾಡಿದಳು, ಮತ್ತೆ ನಿಲ್ಲಿಸಿದಳು. ಸಂಜೆ ಏಳಕ್ಕೆ ಮೆಲ್ಲಗೆ ಬಂದು, “ಸರ್, ನಾನೇನಾದ್ರೂ ತಪ್ಪು ಮಾಡಿದ್ನಾ?” ಅಂದಳು. ತಪ್ಪು ನನ್ನದಾಗಿತ್ತು.

ಆ ರಾತ್ರಿಯೇ ತಿದ್ದಿದೆ. ಈಗ ‘7ರಲ್ಲಿ 3: ಡೇಟಾಬೇಸ್ ಡ್ರೈವರ್’ ಅಂತ ಹಂತಕ್ಕೊಂದು ಸಾಲು ಬರುತ್ತೆ, ಪಕ್ಕದಲ್ಲಿ ಕಳೆದ ಸಮಯ. ಪೂರ್ತಿ ವಿವರ ಲಾಗ್ ಫೈಲಿಗೆ ಹೋಗುತ್ತೆ. ಯಾವುದಾದರೂ ಹಂತ ಕೈಕೊಟ್ಟರೆ ಅಲ್ಲೇ ನಿಂತು ಲಾಗಿನ ಕೊನೆಯ 20 ಸಾಲು ತೋರಿಸುತ್ತೆ. ಶೇಕಡಾ ಲೆಕ್ಕ ಬೇಕಂತಲೇ ಹಾಕಲಿಲ್ಲ. ಒಂದು ಪ್ಯಾಕೇಜು ಎರಡು ಸೆಕೆಂಡಲ್ಲಿ ಮುಗಿದರೆ, ಕಂಪೈಲ್ ಆಗಬೇಕಾದ್ದು ಐದು ನಿಮಿಷ ತಿನ್ನುತ್ತೆ. ತೋರಿಕೆ ಅತಿಯಾದರೂ ಕಷ್ಟ: 2016ರಲ್ಲಿ ಎನ್‌ಪಿಎಂನ ಪ್ರೋಗ್ರೆಸ್ ಬಾರೇ ಇನ್‌ಸ್ಟಾಲ್ ಕೆಲಸವನ್ನು ನಿಧಾನ ಮಾಡ್ತಿದ್ದದ್ದು ಬೆಳಕಿಗೆ ಬಂದಿತ್ತು.

ನನ್ನ ಸ್ಕ್ರಿಪ್ಟ್ ಮೊದಲಿಗಿಂತ ಒಂದು ಸೆಕೆಂಡೂ ಬೇಗ ಮುಗಿಯಲ್ಲ. ಆದರೆ ಹೊಸಬರು ಈಗ ಅದನ್ನು ಓಡಿಸಿ, ನಿಶ್ಚಿಂತೆಯಿಂದ ಕಾಫಿಗೆ ಹೋಗ್ತಾರೆ.