ಆನೆ ಸವರಿದ ಗಿಡ, ನಾವು ಸವರದ ಗಿಡ

ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯದಲ್ಲಿ ಆಡೋ ಎಂಬ ಆನೆಧಾಮವಿದೆ. 1931ರಲ್ಲಿ ಅದು ಶುರುವಾದಾಗ ಅಲ್ಲಿ ಬದುಕುಳಿದಿದ್ದ ಆನೆಗಳು ಹನ್ನೊಂದೇ. ಇಂದು ನೂರಾರು. ಅವುಗಳ ನೆಚ್ಚಿನ ಮೇವು ಪುಟ್ಟ ದುಂಡನೆ ಎಲೆಗಳ, ಕೆಂಗಂದು ಕಾಂಡದ ಒಂದು ರಸಭರಿತ ಗಿಡ. ಆನೆ ಸೊಂಡಿಲು ಚಾಚಿ ಅದನ್ನು ಮೇಲಿನಿಂದ ಮುರಿದು ತಿನ್ನುತ್ತದೆ. ಬುಡದ ರೆಂಬೆಗಳು ಹಾಗೇ ಉಳಿದು, ನೆಲಕ್ಕೆ ಬಾಗಿ, ತಾಗಿದಲ್ಲೆಲ್ಲ ಬೇರು ಬಿಡುತ್ತವೆ. ಅದೇ ಗಿಡಕ್ಕೆ ಆಡು ಬಾಯಿ ಹಾಕಿದರೆ ಬುಡದ ರೆಂಬೆಗಳೇ ಮೊದಲು ಹೋಗುತ್ತವೆ. ಗಿಡ ಕೊಡೆಯಂತೆ ಮೇಲಷ್ಟೇ ಉಳಿದು ಕ್ರಮೇಣ ಸಾಯುತ್ತದೆ. ಅಲ್ಲಿನ ಪೊದೆಗಾಡು ಆಡು ಸಾಕಣೆಯಿಂದ ಬರಡಾದದ್ದು ಹೀಗೆ.

ಈ ಗಿಡ ಬೆಂಗಳೂರಿನ ಬಾಲ್ಕನಿಗಳಲ್ಲೂ ಇದೆ. ನರ್ಸರಿಯವರು ಇದಕ್ಕೆ ‘ಜೇಡ್’ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಪೋರ್ಚುಲಕೇರಿಯ ಆಫ್ರ, ತವರಿನಲ್ಲಿ ಸ್ಪೆಕ್‌ಬೂಮ್. ಅಸಲಿ ಜೇಡ್ ಗಿಡ ಕ್ರಾಸುಲಾ ಓವಾಟ. ಅದರ ಎಲೆ ದಪ್ಪ, ದೊಡ್ಡದು. ತವರು ಒಂದೇ, ಕುಟುಂಬ ಬೇರೆ. ನಮ್ಮ ನರ್ಸರಿಗಳಲ್ಲಿ ಎರಡಕ್ಕೂ ಒಂದೇ ಹೆಸರು, ಎರಡರ ಬೆನ್ನಿಗೂ ‘ಮನೆಗೆ ದುಡ್ಡು ಬರುತ್ತೆ’ ಎಂಬ ಮಾತು. ದುಡ್ಡಿನ ವಿಷಯ ಹಾಗಿರಲಿ, ಸವರುವ ವಿಧಾನವಂತೂ ಎರಡಕ್ಕೂ ಹೆಚ್ಚುಕಮ್ಮಿ ಒಂದೇ.

ಮನೆಯೊಳಗಿಟ್ಟ ಜೇಡ್ ಎರಡು ವರ್ಷದಲ್ಲಿ ಸೊರಗಿ ಉದ್ದವಾಗುತ್ತದೆ. ಎಲೆಗಳ ನಡುವಿನ ಅಂತರ ಹಿಗ್ಗಿ, ಕೊಂಬೆ ಕುಂಡದ ಅಂಚಿನಾಚೆ ಜೋತುಬೀಳುತ್ತದೆ. ಬೆಳಕು ಸಾಲದ್ದು ಒಂದು ಕಾರಣ. ಕತ್ತರಿ ಹಿಡಿಯಲು ಮನೆಯವರಿಗೆ ಧೈರ್ಯ ಸಾಲದ್ದು ಇನ್ನೊಂದು. ತುಳಸಿಯ ಕದಿರನ್ನು ಲೀಲಾಜಾಲವಾಗಿ ಚಿವುಟುವ ಕೈಯೇ ದುಡ್ಡು ಕೊಟ್ಟು ತಂದ ಗಿಡದ ಮುಂದೆ ನಡುಗುತ್ತದೆ. ಮಲೆನಾಡಿನ ಕಾಫಿ ತೋಟದಲ್ಲಿ ವರ್ಷವರ್ಷ ಮರಗಸಿ ಮಾಡಿಸುವವರಿಗೆ ಈ ಅಳುಕು ವಿಚಿತ್ರವೆನಿಸಬಹುದು.

ಕಾಂಡವನ್ನು ಹತ್ತಿರದಿಂದ ನೋಡಿದರೆ ಎಲೆ ಬಿದ್ದ ಜಾಗದಲ್ಲೆಲ್ಲ ಬಳೆಯಂಥ ಗುರುತು ಕಾಣುತ್ತದೆ. ಅದೇ ಗಿಣ್ಣು, ಅಲ್ಲೇ ಮಲಗಿದ ಮೊಗ್ಗುಗಳಿವೆ. ತುದಿಯ ಕುಡಿ ಇರುವವರೆಗೆ ಅದು ಸ್ರವಿಸುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಮೊಗ್ಗುಗಳನ್ನು ಏಳಗೊಡುವುದಿಲ್ಲ. ಕುಡಿ ಹೋಯಿತೆಂದರೆ ಗಿಣ್ಣಿನ ಎರಡೂ ಬದಿ ಚಿಗುರೊಡೆದು ಒಂದು ಕೊಂಬೆ ಎರಡಾಗುತ್ತದೆ. ಗಿಣ್ಣಿಗೆ ತೀರಾ ಅಂಟಿಸಿ ಕತ್ತರಿಸದೆ ತುಸು ಮೇಲೆ ಕತ್ತರಿಸಬೇಕು. ಉಳಿದ ಮೋಟು ಗಿಣ್ಣಿನವರೆಗೆ ಒಣಗಿ ತಾನೇ ಉದುರುತ್ತದೆ.

ಇದರಲ್ಲೊಂದು ಸೊಗಸಾದ ಲೆಕ್ಕವಿದೆ. ಎಲೆಗಳು ಜೋಡಿ ಜೋಡಿಯಾಗಿ ಹುಟ್ಟುತ್ತವೆ, ಒಂದು ಜೋಡಿಗೆ ಮುಂದಿನದು ಅಡ್ಡಲಾಗಿ. ಹಾಗಾಗಿ ಎಡ-ಬಲಕ್ಕೆ ಮುಖ ಮಾಡಿದ ಜೋಡಿಯ ಮೇಲೆ ಕತ್ತರಿಸಿದರೆ ಕವಲು ಅಗಲಕ್ಕೆ ಹರಡುತ್ತದೆ. ಮೇಲೆ-ಕೆಳಗೆ ಮುಖ ಮಾಡಿದ್ದರ ಮೇಲೆ ಕತ್ತರಿಸಿದರೆ ಒಂದು ಚಿಗುರು ಆಕಾಶಕ್ಕೆ, ಇನ್ನೊಂದು ನೆಲಕ್ಕೆ. ಮುಂದಿನ ಕೊಂಬೆ ಎತ್ತ ಹೋಗಬೇಕೆಂದು ಕತ್ತರಿ ಹಿಡಿದವರೇ ತೀರ್ಮಾನಿಸಬಹುದು.

ಬೋನ್ಸಾಯ್ ಮಾಡುವವರು ತಂತಿ ಸುತ್ತಿ ಕೊಂಬೆ ಬಗ್ಗಿಸುವುದು ಗೊತ್ತೇ ಇದೆ. ನೀರು ತುಂಬಿದ ಈ ಕಾಂಡಕ್ಕೆ ಅದು ಅಷ್ಟು ಒಗ್ಗದು. ಬಿಗಿದರೆ ಗಾಯ, ಬಗ್ಗಿಸಿದರೆ ಫಟ್ಟನೆ ಮುರಿತ. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಲಿಂಗ್‌ನಾನ್ ಪಂಥದ ಕುಬ್ಜವೃಕ್ಷ ಕಲೆಯಲ್ಲಿ ಇನ್ನೊಂದು ದಾರಿಯಿದೆ: ಬೆಳೆಯಲು ಬಿಡು, ಕತ್ತರಿಸು, ಮತ್ತೆ ಬೆಳೆಯಲು ಬಿಡು. ಪ್ರತಿ ಕತ್ತರಿಗೂ ಕೊಂಬೆ ದಿಕ್ಕು ಬದಲಿಸುತ್ತ, ಬುಡದಿಂದ ತುದಿಗೆ ಸಣ್ಣಗಾಗುತ್ತ ಹೋಗುತ್ತದೆ. ಜೇಡ್‌ಗೆ ಹೇಳಿ ಮಾಡಿಸಿದ ವಿಧಾನವಿದು. ಬೇಕಿರುವುದು ವರ್ಷಗಟ್ಟಲೆ ತಾಳ್ಮೆ.

ನಮ್ಮಲ್ಲಿ ಇದಕ್ಕೆ ಬಿಸಿಲು ಕಾವೇರುವ ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ಜಡಿಮಳೆಯ ದಿನಗಳಲ್ಲಿ ಕತ್ತರಿಸಿದ ಜಾಗ ಕೊಳೆಯುವ ಭಯ. ಶುಚಿಯಾದ ಹರಿತ ಕತ್ತರಿ ಸಾಕು, ಗಾಯಕ್ಕೆ ಲೇಪವೇನೂ ಬೇಡ. ಸವರಿದ ಮೇಲೆ ನೀರು ಹೆಚ್ಚಿಸುವುದೇ ಎಲ್ಲರೂ ಮಾಡುವ ತಪ್ಪು. ಎಲೆ ಕಡಿಮೆಯಾದ ಗಿಡ ಕುಡಿಯುವುದೂ ಕಡಿಮೆ.

ಸ್ಪೆಕ್‌ಬೂಮ್ ಎಲೆಗೆ ಹುಳಿ ರುಚಿಯಿದೆ. ತವರಿನಲ್ಲಿ ಸಲಾಡಿಗೂ ಹಾಕುತ್ತಾರೆ. ಬೆಳಿಗ್ಗೆ ಹುಳಿ ಹೆಚ್ಚು, ಸಂಜೆಗೆ ಕಡಿಮೆ. ಹಗಲಿನ ಬಿಸಿಲಲ್ಲಿ ನೀರು ಆರಿಹೋಗದಂತೆ ಗಿಡ ರಾತ್ರಿ ಎಲೆಯ ರಂಧ್ರ ತೆರೆದು, ಒಳಗೆಳೆದ ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಕೂಡಿಟ್ಟು ಹಗಲು ಬಳಸುತ್ತದೆ. ಕ್ರಾಸುಲಾ ಎಲೆಯನ್ನು ಮಾತ್ರ ಬಾಯಿಗಿಡುವುದು ಬೇಡ.

ಇನ್ನು ಕತ್ತರಿಸಿದ ಕಡ್ಡಿಗಳು. ನೆರಳಲ್ಲಿ ನಾಲ್ಕೈದು ದಿನ ಒಣಗಿಸಿ, ಗಾಯ ಮಾಯ್ದ ಮೇಲೆ ಮರಳು ಬೆರೆತ ಮಣ್ಣಿಗೆ ಚುಚ್ಚಿದರಾಯಿತು. ಆಫ್ರಿಕಾದಲ್ಲಿ ಬರಡಾದ ಪೊದೆಗಾಡನ್ನು ಮತ್ತೆ ಬೆಳೆಸಲು ನೆಡುತ್ತಿರುವುದೂ ಇಂಥ ಬೇರಿಲ್ಲದ ಕಡ್ಡಿಗಳನ್ನೇ. ಇಲ್ಲಿ ಅವು ಮೊಸರಿನ ಡಬ್ಬಿ, ಒಡೆದ ಚಹಾ ಕಪ್ಪುಗಳಲ್ಲಿ ಕೂತು ಪಕ್ಕದ ಮನೆಗೆ ಹೋಗುತ್ತವೆ. ಕಿಟಕಿಯ ಕಟ್ಟೆಯ ಮೇಲೆ ಮರೆತುಬಿಟ್ಟ ಒಂದೆರಡು, ಮಣ್ಣಿನ ಸೋಂಕೇ ಇಲ್ಲದೆ, ಎಳೆಯ ಬೇರು ಚಾಚಿಕೊಂಡು ಬಿದ್ದಿರುತ್ತವೆ.